ಸುರುಳಿ ಹಲ್ಲಿನ ಮೀನು ಮತ್ತು ಮಾವನ ಬಲೆ

ಹಾಸನದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರಾಗುತ್ತ ನನಗೊಂದು ಚಟ ಅಂಟಿಕೊಂಡಿತು. ಯಾರು ಏನೇ ಹೇಳಲಿ, ‘ಪುರಾವೆ ಏನು?’ ಎಂದು ಕೇಳುವುದು. ಗೊರೂರಿನ ಹಿನ್ನೀರಿನಲ್ಲಿ ಬಲೆ ಬಿಡುವ ನನ್ನ ಸೋದರಮಾವನ ಜೊತೆ ಕಳೆದ ಬೇಸಿಗೆಯಲ್ಲಿ ತೆಪ್ಪ ಹತ್ತಿದಾಗಲೂ ಅದು ನನ್ನನ್ನು ಬಿಟ್ಟಿರಲಿಲ್ಲ.

ಆಗ ನಾನು ಓದುತ್ತಿದ್ದುದು ಯುಜೀನಿಯೋಡಾಂಟ್ ಎಂಬ, ಎಂದೋ ಅಳಿದುಹೋದ ಮೀನುಗಳ ಬಗ್ಗೆ. ನೋಡಲು ಶಾರ್ಕಿನ ಹಾಗಿದ್ದ ಅವು ಡೈನೋಸಾರ್‌ಗಳು ಹುಟ್ಟುವ ಮೊದಲೇ ಸಮುದ್ರಗಳಲ್ಲಿ ಮೆರೆದವು. ಅವುಗಳಲ್ಲೊಂದಕ್ಕೆ ಕೆಳದವಡೆಯ ನಡುವೆ ಹಲ್ಲುಗಳೆಲ್ಲ ಸುರುಳಿ ಸುತ್ತಿಕೊಂಡು ಗರಗಸದ ಚಕ್ರದಂತಿದ್ದವು. ಹಳೆಯ ಹಲ್ಲು ಉದುರುತ್ತಿರಲಿಲ್ಲ, ಹೊಸದು ಬಂದಂತೆಲ್ಲ ಒಳಕ್ಕೆ ಸುತ್ತಿಕೊಳ್ಳುತ್ತಿತ್ತು. ಮೈಯಲ್ಲಿ ಗಟ್ಟಿ ಮೂಳೆಯಿಲ್ಲ. ನಮ್ಮ ಕಿವಿಯಂಥ ಮೃದ್ವಸ್ಥಿ. ಅದು ಬೇಗ ಕೊಳೆತುಹೋಗುವುದರಿಂದ ಕಲ್ಲಿನಲ್ಲಿ ಉಳಿದದ್ದು ಹೆಚ್ಚಾಗಿ ಹಲ್ಲಿನ ಸುರುಳಿಯೊಂದೇ. ಅದನ್ನು ಮೂತಿಗೆ ಸೇರಿಸಬೇಕೋ ಬಾಲಕ್ಕೋ ಎಂದು ಪಂಡಿತರು ಬಹಳ ಕಾಲ ಕಚ್ಚಾಡಿದರು.

ತೆಪ್ಪದಲ್ಲಿ ಕೂತು ಹುಟ್ಟು ಹಾಕುತ್ತಿದ್ದ ಮಾವನಿಗೆ ಇದನ್ನೆಲ್ಲ ಒಪ್ಪಿಸಿದೆ. ನೀರಿನ ಮೇಲಿರುವಾಗ ಕಚ್ಚುವ ಪ್ರಾಣಿಯ ಮಾತೆತ್ತಬಾರದು ಎಂದ. ಎತ್ತಿದರೆ ಬರುತ್ತದೆ ಅನ್ನುವುದಕ್ಕೆ ಪುರಾವೆ ಕೇಳಿದೆ.

“ಆ ಮೀನಿನ್ ಹಲ್ಲು ನಿನ್ ಬಾಯ್ಗೆ ಸರ್ಯಾಗ್ ಕೂರ್ತದೆ ಕಣಮ್ಮಿ,” ಎಂದು ನಕ್ಕ.

ಅಣೆಕಟ್ಟೆ ತುಂಬಿದಾಗ ಮುಳುಗಿದ ತೋಪಿನ ಬೊಡ್ಡೆಗಳು ಅಲ್ಲಿ ತಳದಲ್ಲಿ ಇನ್ನೂ ಇವೆ. ಬಲೆ ಅಂಥದ್ದೊಂದಕ್ಕೆ ಸಿಕ್ಕಿಕೊಂಡಿತು. ಮಾವ ಅಂಗಿ ಬಿಚ್ಚಿದ. ತಾನು ಕೆಳಗಿರುವಷ್ಟು ಹೊತ್ತೂ ನಾನು ಹುಟ್ಟಿನಿಂದ ತೆಪ್ಪದ ಅಂಚು ಕುಟ್ಟುತ್ತಿರಬೇಕು ಎಂದ. ಬಲೆ ಬಿಡುವವರಲ್ಲಿ ಅದು ವಾಡಿಕೆ: ಬಗ್ಗಡದಲ್ಲಿ ಕಣ್ಣು ಕಾಣದು, ಸದ್ದಿನ ಜಾಡು ಹಿಡಿದು ಮೇಲೆ ಬರಬೇಕು. ನೀರೊಳಗೆ ಮನುಷ್ಯರ ಕಿವಿಗೆ ಸದ್ದಿನ ದಿಕ್ಕು ತಿಳಿಯುವುದಿಲ್ಲ ಎಂದು ವಾದಿಸಿದೆ.

“ಸರಿ ಬುಡು. ಈಗ ಕುಟ್ಟು.”

ಮುಳುಗಿದ. ನಾನು ಕುಟ್ಟಿದೆ. ಒಂದಿಷ್ಟು ಗುಳ್ಳೆ ಎದ್ದು ನಿಂತುಹೋದವು. ತೆಪ್ಪಕ್ಕೆ ಕಟ್ಟಿದ್ದ ಬಲೆಯ ಹಗ್ಗ ಫಕ್ಕನೆ ಬಿಗಿಯಿತು, ತೆಪ್ಪ ಒಂದು ಕಡೆಗೆ ವಾಲಿತು, ಮತ್ತೆ ಹಗ್ಗ ಸಡಿಲಾಯಿತು. ನನಗೆ ಈಜು ಬರುವುದಿಲ್ಲ. ದಡದಲ್ಲಿ ಯಾರೂ ಇರಲಿಲ್ಲ.

ಆ ಮೀನು ಅಳಿದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸಮುದ್ರದ್ದು, ಇದು ಹೇಮಾವತಿ. ಅದರ ಕಾಲಕ್ಕೆ ಈ ಹೊಳೆಯೇ ಇರಲಿಲ್ಲ. ಒಂದೊಂದೂ ಗಟ್ಟಿ ಅಂಶ, ಎದುರಾಳಿ ಬಾಯಿ ಬಿಡಲಾಗದಂಥದ್ದು. ಆದರೂ ನೀರಿನತ್ತ ಬಗ್ಗಿದರೆ ಸಾಕು, ಹಸಿರುಗಪ್ಪಿನ ಆಳದಲ್ಲಿ ಆ ಚಕ್ರ ತಿರುಗುತ್ತಿತ್ತು. ಉಪಯೋಗವಿಲ್ಲ ಎಂದು ಈಗಷ್ಟೇ ವಾದಿಸಿದ್ದ ಸದ್ದನ್ನು ಇನ್ನೂ ಜೋರಾಗಿ ಮಾಡಿದೆ. ಮಾವ ಬರದಿದ್ದರೆ ಅವನದ್ದು ಅಂತ ಏನು ಉಳಿಯುತ್ತದೆ ಎಂಬ ಯೋಚನೆ ಬಂತು. ಅಂಗಿ. ತೆಪ್ಪದ ತಳದಲ್ಲಿ ಬಿದ್ದಿದ್ದ ಬೀಡಿಕಟ್ಟು. ಅತ್ತೆಗೆ ಏನು ಹೇಳಲಿ?

ಅವನ ತಲೆ ಎದ್ದದ್ದು ನನ್ನ ಬೆನ್ನ ಹಿಂದೆ, ತೆಪ್ಪದಿಂದ ಬಹಳ ದೂರದಲ್ಲಿ. ಸದ್ದಿನ ವಿಷಯದಲ್ಲಿ ನಾನು ಹೇಳಿದ್ದೇ ಸರಿಯಾಗಿತ್ತು. ಅದಕ್ಕಿಂತ ಕೆಟ್ಟ ಗೆಲುವನ್ನು ನಾನು ಕಂಡಿಲ್ಲ.

ಕೆಮ್ಮುತ್ತ ಈಜಿ ಬಂದು ತೆಪ್ಪದ ಅಂಚು ಹಿಡಿದ. ಒಂದು ಕಾಲನ್ನು ನೀರಿನಿಂದೆತ್ತಿ ತೋರಿಸಿದ: ಪಾದದ ಸುತ್ತ ಬಲೆಯ ನೂಲು ಕೊಯ್ದ ಕೆಂಪು ಗೆರೆಗಳು.

“ಕಾಲ್ಗೆ ಸುತ್ಕಂಡ್ಬುಟ್ಟಿತ್ತು. ಅರ್ಧ ಬಿಡಿಸಿವ್ನಿ, ಇನ್ನೊಂದ್ಸಲ ಓಗ್ಬತ್ತೀನಿ.”

ಬೇಡ ಎಂದೆ.

“ಯಾಕಮ್ಮಿ? ನಿನ್ ಮೀನು ಸತ್ತೋಗದೆ ಅಂದ್ಯಲ್ಲ, ಪುರಾವೆ ಸಮೇತ.”

ಸತ್ತೋಗಿದೆ ಮಾವ, ಎಂದೆ. ಅವನ ಅಂಗಿಯ ಕೆಳಗಿದ್ದ ಚಾಕು ತೆಗೆದು ಬಲೆಯ ಹಗ್ಗವನ್ನು ಕೊಯ್ದುಬಿಟ್ಟೆ. ಹೊಸ ಬಲೆ. ಹಗ್ಗದ ತುದಿ ಸುಮ್ಮನೆ ಒಳಗಿಳಿದು ಹೋಯಿತು.

ಮಾವ ಅದು ಹೋದ ಜಾಗವನ್ನೇ ನೋಡಿದ. ಬಾಯಿಗೆ ಬಂದಂತೆ ಬೈದ. ಬೈಯುವಷ್ಟು ಹೊತ್ತೂ ನಾನು ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ.

“ಕೈ ಬುಡಮ್ಮಿ,” ಎಂದ ಕೊನೆಗೆ, “ಮ್ಯಾಕ್ ಅತ್ಬೇಕು.”

ಅವನ ಎರಡೂ ಕಾಲು ತೆಪ್ಪದೊಳಗೆ ಬರುವವರೆಗೆ ನಾನು ಬಿಡಲಿಲ್ಲ.