ಲೆಕ್ಕಕ್ಕೆ ಸಿಗದ ಅರವತ್ತು ಕಿಲೊ

ನಮ್ಮವರದು ತಗಡಿನ ಕೆಲಸ. ಗುದ್ದಿಸಿಕೊಂಡು ಬಂದ ಕಾರುಗಳ ಡೊಂಕು ಬಡಿದು ತಿದ್ದಿ ಬಣ್ಣಕ್ಕೆ ಕಳಿಸುತ್ತಿದ್ದರು. ಕೈಗೆ ಏನು ಸಿಕ್ಕಿದರೂ ತೂಗಿ ನೋಡುವ ಚಾಳಿ ಇತ್ತು. ಅದಕ್ಕೆ ಜೊತೆಯವರು 'ತಕ್ಕಡಿ' ಅಂತ ಹೆಸರಿಟ್ಟಿದ್ದರು. ನನ್ನ ಅಡುಗೆಮನೆಯ ತಕ್ಕಡಿಯೂ ಶೆಡ್ಡಿಗೆ ಹೋಗಿ ಗ್ರೀಸು ಮೆತ್ತಿಕೊಂಡಿತು. ಅವರು ಹೋಗಿ ನಾಲ್ಕು ತಿಂಗಳಾಯಿತು. ತಕ್ಕಡಿ ಇನ್ನೂ ಅಲ್ಲೇ ಇದೆ.

ಮನೆ ಹಿಂದಿನ ಶೆಡ್ಡಿನಲ್ಲಿ ಅವರದೊಂದು ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು. ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿರುತ್ತದೆ. ವರ್ಷಕ್ಕೊಂದು ಸಲ ಹಳೆ ಕಾರಿನವರೆಲ್ಲ ಸೇರಿ ಗುಡ್ಡದ ರಸ್ತೆಯಲ್ಲಿ ಒಬ್ಬೊಬ್ಬರಾಗಿ ಹತ್ತುತ್ತಾರೆ. ಬುಡದಿಂದ ತುದಿಗೆ ಎಷ್ಟು ಹೊತ್ತಾಯಿತು ಅಂತ ನೋಡುತ್ತಾರೆ. ನಮ್ಮವರು ಪ್ರತಿ ಸಲವೂ ಕೊನೆಯಿಂದ ಎರಡನೆಯವರು.

"ಇಂಜಿನ್‌ಗೆ ವಯಸ್ಸಾಯ್ತು. ಅದಕ್ಕೆ ಹೊಸದಾಗಿ ಶಕ್ತಿ ಎಲ್ಲಿಂದ ತರ್ಲಿ? ಹೊರೆನಾದ್ರೂ ಇಳಿಸ್ತೀನಿ," ಅಂದರು.

ಇಳಿಸಲು ಶುರು ಮಾಡಿದರು. ಸ್ಪೇರ್ ಚಕ್ರ, ಹಿಂದಿನ ಸೀಟು, ರೇಡಿಯೊ ಹೋದವು. ಕಾರ್ಪೆಟ್ಟಿನ ಕೆಳಗೆ ಸದ್ದು ತಡೆಯಲು ಕಂಪನಿಯವರು ಡಾಂಬರಿನ ಹಾಳೆ ಅಂಟಿಸಿದ್ದರು. ಅದನ್ನು ಉಳಿ ಹಿಡಿದು ಎರಡು ವಾರ ಕೆರೆದರು. ಕೆರೆದ ಚೂರನ್ನೂ ಚೀಲಕ್ಕೆ ತುಂಬಿ ತೂಗಿದರು. ಬಾಗಿಲಿನ ಗಾಜು ತೆಗೆದು ಪ್ಲಾಸ್ಟಿಕ್ ಹಾಕಿದರು. ತೆಗೆದದ್ದನ್ನೆಲ್ಲ ಶೆಲ್ಫಿನಲ್ಲಿಟ್ಟು ಪಕ್ಕದಲ್ಲಿ ಸೀಮೆಸುಣ್ಣದಿಂದ ತೂಕ ಬರೆದರು. ನಾನು ಕೂರುವ ಸೀಟು ಮಾತ್ರ ತೆಗೆಯಲಿಲ್ಲ.

ಅವರ ಸ್ನೇಹಿತರೊಬ್ಬರು ಲೇತ್ ಮಿಷನ್ ನಡೆಸುತ್ತಾರೆ. ಅವರು ಬಂದಾಗಲೆಲ್ಲ ಛೇಡಿಸುತ್ತಿದ್ದರು. "ಆ ಸೀಟು ಕಿತ್ತಾಕಯ್ಯ. ಹೆಂಡ್ತಿಗೆ ಹೆದರ್ತೀಯಾ?"

"ನಿಂಗೂ ಒಬ್ಬಳು ಇದ್ದಿದ್ರೆ ಗೊತ್ತಾಗ್ತಿತ್ತು," ಅನ್ನುತ್ತಿದ್ದರು ಇವರು.

ಕೊನೆಗೆ ನೂರಮೂವತ್ತು ಕಿಲೊ ಇಳಿಸಿದೆ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಅದಾದ ವಾರಕ್ಕೆ ಶೆಡ್ಡಿನಲ್ಲಿ ಎದೆ ಹಿಡಿದುಕೊಂಡು ಕೂತರು. ಏಳಲಿಲ್ಲ.

ಈ ವರ್ಷದ ಗುಡ್ಡದ ಓಟಕ್ಕೆ ಅಣ್ಣನ ಕಾರನ್ನು ತಾನು ಓಡಿಸುತ್ತೇನೆ ಅಂತ ನನ್ನ ಮೈದುನ ಬಂದ. ಕೀ ನನ್ನ ಹತ್ತಿರ ಇತ್ತು. ಲೇತಿನವರು ನೋಡಿ ಸರಿ ಅಂದರೆ ಕೊಡುತ್ತೇನೆ ಅಂದೆ. ಅವರು ಬಂದು ಕಾರಿನ ಕೆಳಗೆ ಮಲಗಿ ನೋಡಿದರು. ಆಮೇಲೆ ಶೆಲ್ಫಿನ ಮುಂದೆ ನಿಂತು ಸೀಮೆಸುಣ್ಣದ ಅಂಕಿಗಳನ್ನು ಕೂಡಿದರು. ಮತ್ತೊಂದು ಸಲ ಕೂಡಿದರು.

"ಎಪ್ಪತ್ತೇ ಬರ್ತಿದೆಯಲ್ಲ ತಂಗ್ಯಮ್ಮ. ನೂರಮೂವತ್ತು ಅಂದಿದ್ದ. ಮಿಕ್ಕಿದ ಅರವತ್ತು ಎಲ್ಲಿ?"

"ಬಿಸಾಕಿರ್ತಾನೆ ಬಿಡಿ," ಅಂದ ಮೈದುನ.

"ಡಾಂಬರಿನ ಪುಡಿನೂ ಬಿಸಾಕದವನು ಅರವತ್ತು ಕಿಲೊ ಬಿಸಾಕ್ತಾನಾ? ಬಾಗಿಲ ಕೆಳಗೆ ನಾಲ್ಕು ಕಡೆಯಿಂದ ಮುಚ್ಚಿದ ತಗಡಿದೆ. ಕಾರಿನ ಬೆನ್ನುಮೂಳೆ ಅದು. ತೂಕ ಇಳಿಸೋಕೆ ಅದನ್ನ ಒಳಗಿಂದ ಕೊರೆದು ಹೊರಗೆ ಬೆಸುಗೆ ಹಾಕಿದ್ರೆ ಯಾರಿಗೂ ಕಾಣಲ್ಲ. ತಗಡಿನ ಕೆಲಸದಲ್ಲಿ ಅವನು ಗಟ್ಟಿಗ. ತಿರುವಿನಲ್ಲಿ ಮುರಿದ್ರೆ ಗತಿ ಏನು?"

"ಅಣ್ಣ ಅಂಥ ಕೆಲಸ ಮಾಡೋನಲ್ಲ."

"ಹಾಗಾದ್ರೆ ಅರವತ್ತು ಎಲ್ಲೋಯ್ತು, ಹೇಳು."

ಇಬ್ಬರೂ ನನ್ನ ಮುಖ ನೋಡಿದರು. ನನಗೇನು ಗೊತ್ತು? ಇಪ್ಪತ್ತೆಂಟು ವರ್ಷ ಜೊತೆಗಿದ್ದೆ. ಸುಳ್ಳು ಹೇಳುವವರಲ್ಲ. ಹಟಕ್ಕೆ ಬಿದ್ದರೆ ಏನು ಮಾಡುತ್ತಾರೋ ಹೇಳಲಾಗದು. ಕೀ ಕೊಡುವುದಿಲ್ಲ ಅಂದೆ. ಒಬ್ಬರನ್ನು ಕಳಿಸಿಯಾಗಿದೆ.

ಮೈದುನ ಬಿಡಲಿಲ್ಲ. ಕಾರನ್ನೇ ಇನ್ನೊಂದು ಸಲ ತೂಗೋಣ ಅಂದ. ಗುಜರಿ ಅಂಗಡಿಯಲ್ಲಿ ಲಾರಿ ತೂಗುವ ವೇ ಬ್ರಿಡ್ಜ್ ಇದೆ. ಸಾಮಾನು ತೆಗೆಯುವ ಮುಂಚೆ ಒಂದು ಸಲ, ತೆಗೆದ ಮೇಲೆ ಒಂದು ಸಲ, ನಮ್ಮವರು ಕಾರನ್ನು ಅಲ್ಲೇ ತೂಗಿಸಿದ್ದು. ಅಲ್ಲಿಯವರೆಗೆ ಮಾತ್ರ ಅಂತ ಕೀ ಕೊಟ್ಟು ನಾನು ನನ್ನ ಸೀಟಿನಲ್ಲಿ ಕೂತೆ. ಲೇತಿನವರು ಸೈಕಲ್ಲಿನಲ್ಲಿ ಬಂದರು. ಮೈದುನ ಕಾರನ್ನು ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿ, ಇಳಿದು ತೂಕ ತೋರಿಸುವ ಕೋಣೆಯ ಕಿಟಕಿಯ ಹತ್ತಿರ ಹೋದ.

"ಸಾವಿರದ ನೂರು!" ಅಂತ ಕೂಗಿದ. "ಎಲ್ಲ ತೆಗೆದ ಮೇಲೆ ಸಾವಿರದ ಐವತ್ತು ಅಂತ ಅಣ್ಣ ಶೆಡ್ಡಿನ ಗೋಡೆ ಮೇಲೆ ಬರೆದಿದ್ದಾನೆ. ಐವತ್ತು ಜಾಸ್ತಿ ಆಯ್ತಲ್ಲ! ಶೆಡ್ಡಲ್ಲೇ ನಿಂತು ದಪ್ಪ ಆಯ್ತಾ?"

ಲೇತಿನವರು ಕಾರಿನ ಕಡೆ ನೋಡಿದರು. "ಅಯ್ಯೋ ಪುಣ್ಯಾತ್ಮ, ನಿಮ್ಮತ್ತಿಗೆ ಒಳಗೇ ಕೂತಿದಾಳೆ."

ಇಳಿದೆ. ಸಾವಿರದ ಐವತ್ತು ಬಂತು.

ಹಲಗೆಯ ಪಕ್ಕ ನಿಂತಾಗ ಮೊದಲ ಸಲದ್ದು ನೆನಪಾಯಿತು. ಏನೂ ತೆಗೆಯುವ ಮುಂಚೆ ಬರಿ ಕಾರು ಎಷ್ಟಿದೆ ನೋಡೋಣ ಅಂತ ಬಂದಿದ್ದೆವು. ಅವರು ಇಳಿದು ಹೋದರು. ನಾನು ಊಟದ ಚೀಲ ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದೆ. ನನ್ನನ್ನು ಇಳಿ ಅನ್ನಲಿಲ್ಲ. ಸಾವಿರದ ನೂರೆಂಬತ್ತು ಬಂತು. ಅಲ್ಲಿಂದಲೇ ಅವರ ಲೆಕ್ಕ ಶುರು.

ಹೇಳಿದೆ. ಲೇತಿನವರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿದರು.

"ಗ್ರಾಂ ಗ್ರಾಂ ಲೆಕ್ಕ ಇಟ್ಟೋನು, ಹೆಂಡ್ತಿನ ಕಾರಿನ ಜೊತೆ ಸೇರಿಸ್ಬಿಟ್ನಲ್ಲ!"

"ಆದ್ರೆ ಇವತ್ತು ಐವತ್ತೇ ಬಂತು. ಅರವತ್ತು ಆಗ್ಬೇಕಿತ್ತಲ್ಲ?" ಅಂದ ಮೈದುನ.

"ಇದು ಹತ್ತತ್ತರ ಲೆಕ್ಕದಲ್ಲಿ ತೋರಿಸೋದು. ಅವತ್ತು ಊಟದ ಚೀಲ ಬೇರೆ ಇತ್ತಲ್ಲ." ಲೇತಿನವರು ನನ್ನ ಕಡೆ ತಿರುಗಿದರು. ನನ್ನ ತೋಳು ನೋಡಿದರು. "ಸರಿಯಾಗಿ ಊಟ ಮಾಡ್ತಿದೀಯಾ ತಂಗ್ಯಮ್ಮ?"

ನಾನು ಸೆರಗನ್ನು ತೋಳಿನ ಮೇಲೆ ಎಳೆದುಕೊಂಡೆ.

ತಗಡನ್ನು ಕೊರೆದಿರಲಿಲ್ಲ ಅಂತಾಯಿತು. ಓಟಕ್ಕೂ ಕೀ ಕೊಟ್ಟೆ. ಆದರೆ ನನಗೆ ಇನ್ನೂ ಬಗೆಹರಿಯದ್ದು ಬೇರೆ. ಎರಡನೆಯ ಸಲ, ಎಲ್ಲ ತೆಗೆದ ಮೇಲೆ ತೂಗಿಸಲು ಬಂದಾಗ, "ಇಳಿ, ಆ ಕಡೆ ನಿಂತ್ಕೋ" ಅಂದಿದ್ದರು. ನನಗೆ ಕೋಪ ಬಂದು ಸಂಜೆಯವರೆಗೂ ಮಾತಾಡಿರಲಿಲ್ಲ. ಆ ದಿನ ಇಳಿಸಬೇಕು ಅಂತ ತೋಚಿದವರಿಗೆ ಮೊದಲ ದಿನದ್ದು ನೆನಪಾಗಲಿಲ್ಲವೇ? ನೆನಪಾಗಿಯೂ ನೂರಮೂವತ್ತು ಅಂತ ಹೇಳಿಕೊಂಡರೇ? ಶೆಲ್ಫಿನ ಅಂಕಿ ಒಂದು ಸಲವೂ ಕೂಡಿ ನೋಡಲಿಲ್ಲವೇ? ಕೇಳೋಣ ಅಂದರೆ ಅವರಿಲ್ಲ.

ಓಟದ ದಿನ ನಾನು ಗುಡ್ಡದ ತುದಿಯಲ್ಲಿ ನಿಂತಿದ್ದೆ. ಕಾರು ಬಂತು. ತಿರುವಿನಲ್ಲಿ ಏನೂ ಮುರಿಯಲಿಲ್ಲ. ಅಣ್ಣನಿಗಿಂತ ಹನ್ನೊಂದು ಸೆಕೆಂಡ್ ಬೇಗ ಹತ್ತಿದೆ ಅಂದ ಮೈದುನ. ಕೊನೆಯಿಂದ ಐದನೆಯವನು.

"ನಿಮ್ಮಣ್ಣ ಹೇಳಿದಷ್ಟು ಇಳಿಸಿದ್ದಿದ್ರೆ ನೀನು ಇನ್ನೂ ಬೇಗ ಬರ್ತಿದ್ದೆ," ಅಂದರು ಲೇತಿನವರು.

ಮನೆಗೆ ಹೊರಡುವಾಗ ಮೈದುನ ಆ ಕಡೆಯ ಬಾಗಿಲು ತೆರೆದು ಹಿಡಿದ. "ಹತ್ತಿ ಅತ್ತಿಗೆ."

ಕಾಲು ಎತ್ತಿ ಅಲ್ಲೇ ನಿಂತೆ. ನಾನು ಕೂತರೆ ಎಷ್ಟಾಗುತ್ತದೆ, ಇಳಿದರೆ ಎಷ್ಟಾಗುತ್ತದೆ ಅಂತ ಮನಸ್ಸು ಕೂಡಿ ಕಳೆಯುತ್ತಲೇ ಇತ್ತು. ಲೆಕ್ಕ ಕೂಡಲಿಲ್ಲ.

"ಏನಾಯ್ತು ಅತ್ತಿಗೆ?"

"ಏನಿಲ್ಲ," ಅಂದೆ. ಹತ್ತಿ ಕೂತೆ.