ಕಿವಿಮೇಸ್ತ್ರಿ ಕೇಳದ ಸದ್ದು

ಆ ಮೆಕ್ಯಾನಿಕ್‌ಗೆ ಹುಟ್ಟಿದಾಗ ಇಟ್ಟ ಹೆಸರು ಹೆಂಡತಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಅವಳೂ ಆ ಹೆಸರು ಹಿಡಿದು ಕರೆದವಳಲ್ಲ. ಎಲ್ಲರಿಗೂ ಅವನು ಕಿವಿಮೇಸ್ತ್ರಿ. ಪ್ರಾಯದಲ್ಲಿ ಶೆಡ್ಡಿನ ಬಾಗಿಲಲ್ಲಿ ಕೂತು, ತಿರುವು ದಾಟಿ ಬರುವ ಗಾಡಿಯ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿನ ಮೇಲೆ ಊರಿ, ಹಿಡಿಯನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿದನೆಂದರೆ, ಗಾಡಿಯವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಆಯುಷ್ಯವೆಲ್ಲ ಡೀಸೆಲ್ ಎಂಜಿನ್ನುಗಳ ಬಾಯಿಗೆ ತಲೆಕೊಟ್ಟು ದುಡಿದವನಿಗೆ ಈಗ ಕಿವಿಯೇ ಕೈಕೊಟ್ಟಿತ್ತು. ಅದನ್ನವನು ಯಾರಿಗೂ ಹೇಳಿರಲಿಲ್ಲ. ಗಿರಾಕಿ ಮಾತಾಡುವಾಗ ತುಟಿ ನೋಡುತ್ತಿದ್ದ. ಅರ್ಥವಾಗದಿದ್ದರೆ “ನೋಡೋಣ ಬಿಡಿ” ಎನ್ನುತ್ತಿದ್ದ. ಹೆಂಡತಿಯ ಮೇಲೆ ಮಾತ್ರ ರೇಗುತ್ತಿದ್ದ. “ಬಾಯೊಳಗೇ ಗೊಣಗಬೇಡ, ಬಿಡಿಸಿ ಮಾತಾಡು.” ಶೆಡ್ಡಿನ ಹಿಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಅವಳು ಸುಮ್ಮನೆ ದನಿ ಏರಿಸುತ್ತಿದ್ದಳು.

ಒಂದು ದಿನ ಊರಿನ ಆರೋಗ್ಯ ಕೇಂದ್ರದ ನರ್ಸಮ್ಮನ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಹಳೆಯ ಡೀಸೆಲ್ ಜೀಪು, ನಾಲ್ಕು ಚಕ್ರವನ್ನೂ ಎಂಜಿನ್ನೇ ತಿರುಗಿಸುವಂಥದ್ದು. ಗುಡ್ಡದಾಚೆಯ ಮನೆಗಳಿಗೆ ಔಷಧಿ ಹೋಗುತ್ತಿದ್ದುದು, ಹೆರಿಗೆಯವರು ಕೆಳಗೆ ಬರುತ್ತಿದ್ದುದು ಅದರಲ್ಲೇ. ಅಲ್ಲಿಗೆ ದಾರಿಯಾಗಿದ್ದ ನೀರಿಲ್ಲದ ಹೊಳೆಯ ಕಲ್ಲುಗಳ ಮೇಲೆ ಬೇರೆ ಗಾಡಿ ಹತ್ತುತ್ತಿರಲಿಲ್ಲ.

“ನಿನ್ನೆ ಸಂಜೆ ಚೆನ್ನಾಗೇ ಇತ್ತು ಮೇಸ್ತ್ರಿ. ಇವತ್ತು ಎಷ್ಟು ತಿರುಗಿಸಿದ್ರೂ ಹತ್ತಿಕೊಳ್ತಿಲ್ಲ. ಮೇಲೊಬ್ಬಳಿಗೆ ದಿನ ತುಂಬಿದೆ,” ಎಂದಳು ನರ್ಸಮ್ಮ.

ಅವನು ಚಾವಿ ತಿರುಗಿಸಿದ. ಎಂಜಿನ್ ಹುರುಪಿನಿಂದಲೇ ಸುತ್ತಿತು. ಅದರ ನಡುಕ ಸೀಟಿನಲ್ಲಿ ತಿಳಿಯಿತು. ಬ್ಯಾಟರಿಯದು ತಪ್ಪಲ್ಲ. ಹಿಂದೆ ಹೋಗಿ ನೋಡಿದರೆ ಕೊಳವೆಯಲ್ಲಿ ಹೊಗೆಯ ಸುಳಿವಿಲ್ಲ. ಹೊಗೆಯಿಲ್ಲವೆಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಫಿಲ್ಟರ್ ಬದಲಿಸಿ, ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ ಗಾಳಿ ತೆಗೆದ. ಗುಳ್ಳೆ ನಿಂತು ಡೀಸೆಲ್ ತಿಳಿಯಾಗಿ ಹರಿಯಿತು. ಮತ್ತೆ ಸುತ್ತಿಸಿದ, ಹತ್ತಲಿಲ್ಲ. ಇಂಜೆಕ್ಟರಿನ ಪೈಪುಗಳ ನಟ್ಟು ಬಿಚ್ಚಿ ನರ್ಸಮ್ಮನಿಗೆ ಚಾವಿ ತಿರುಗಿಸಲು ಹೇಳಿದ. ಒಂದು ಹನಿಯೂ ಬರಲಿಲ್ಲ. ಎಂಜಿನ್ನಿನ ದೊಡ್ಡ ಪಂಪಿನವರೆಗೆ ಬಂದ ಡೀಸೆಲ್ ಅಲ್ಲಿಂದಾಚೆಗೆ ಹೋಗುತ್ತಿರಲಿಲ್ಲ.

ಮಧ್ಯಾಹ್ನ ಕಳೆಯಿತು. ನರ್ಸಮ್ಮ ಬೇರೆ ಗಾಡಿ ಹುಡುಕಲು ಹೋದಳು. ಹೆಂಡತಿ ಚಹಾ ತಂದಳು. ಅವನು ಸೀಟಿನಲ್ಲಿ ಕೂತು ಚಾವಿಯನ್ನು ಅರ್ಧ ತಿರುಗಿಸಿದ.

“ಪಂಪಿನ ಒಳಗೇ ಏನೋ ಮುರಿದಿದೆ,” ಎಂದ. “ಬಿಚ್ಚಿ ಕಳಿಸಬೇಕು. ಬರೋಕೆ ವಾರಗಟ್ಟಲೆ ಆಗತ್ತೆ. ವಾಲ್ವ್ ಏನೋ ಸರಿಯಾಗಿದೆ, ಟಕ್ ಅಂತಿದೆ.”

ಬಾನೆಟ್ಟಿನ ಪಕ್ಕ ನಿಂತಿದ್ದ ಹೆಂಡತಿ ಅವನ ಕಡೆ ತಿರುಗಿದಳು. “ಯಾವ ಟಕ್?”

“ಪಂಪಿನ ಮೇಲೆ ಹೆಬ್ಬೆರಳಿನಷ್ಟು ದಪ್ಪದ್ದು ಕಾಣತ್ತಲ್ಲ, ಅದು. ಚಾವಿ ಹಾಕಿದ್ರೆ ಬಾಯಿ ತೆರೆದು ಡೀಸೆಲ್ ಬಿಡತ್ತೆ. ಈಗ ತಾನೇ ಟಕ್ ಅಂದಿತಲ್ಲ.”

“ಅನ್ನಲಿಲ್ಲ.”

ಅವನು ಮತ್ತೆ ತಿರುಗಿಸಿದ. ಎಂದಿನ ಸದ್ದು ತಲೆಯೊಳಗೆ ಸ್ಪಷ್ಟವಾಗಿ ಕೇಳಿತು.

“ಇಲ್ಲ ರೀ,” ಎಂದಳು ಅವಳು, ಒಂದೊಂದೇ ಮಾತು ಬಿಡಿಸಿ. “ಏನೂ ಸದ್ದಿಲ್ಲ.”

ಅವನು ಇಳಿದು ಬಂದು ವಾಲ್ವಿನ ಮೇಲೆ ಬೆರಳಿಟ್ಟ. “ತಿರುಗಿಸು,” ಎಂದ. ಅವಳು ತಿರುಗಿಸಿದಳು. ಬೆರಳ ಕೆಳಗೆ ಕಬ್ಬಿಣ ಅಲುಗಲಿಲ್ಲ. ಎಷ್ಟೋ ವರ್ಷ ಕೇಳಿದ ಸದ್ದನ್ನು ಅವನ ಮನಸ್ಸೇ ಹುಟ್ಟಿಸಿ ಅವನ ಕಿವಿಗೆ ಕೊಟ್ಟಿತ್ತು. ಇನ್ನೂ ಎಷ್ಟು ಗಾಡಿಗಳಲ್ಲಿ ಹೀಗೆ ಇಲ್ಲದ್ದನ್ನು ಕೇಳಿದೆನೋ ಎಂದುಕೊಂಡ. ಬಂಪರಿನ ಮೇಲೆ ಕುಳಿತುಬಿಟ್ಟ. ಚಹಾ ಆರಿತು. ಹೆಂಡತಿ ಪಕ್ಕದಲ್ಲಿ ಕೂತಳು.

ಸ್ವಲ್ಪ ಹೊತ್ತಾದ ಮೇಲೆ ಅವನೇ ಎದ್ದ. ವಾಲ್ವಿನ ವೈರು ಕಳಚಿ, ಬೇರೊಂದು ವೈರನ್ನು ಬ್ಯಾಟರಿಯಿಂದ ನೇರ ಮುಟ್ಟಿಸಿ ಹೆಂಡತಿಯ ಮುಖ ನೋಡಿದ.

“ಈಗ ಟಕ್ ಅಂತು,” ಎಂದಳು. “ಗಟ್ಟಿಯಾಗೇ ಅಂತು.”

ವಾಲ್ವ್ ಜೀವಂತವಾಗಿತ್ತು. ಹಳೆಯ ವೈರಿನ ತುದಿ ಹಸಿರುಗಟ್ಟಿ ಒಳಗೊಳಗೇ ಕೊಳೆತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಅವನ ಪಾಡು. ಹೊಸ ತುದಿ ಹಾಕಿದ, ಪೈಪುಗಳ ನಟ್ಟು ಬಿಗಿದ. ಚಾವಿ ತಿರುಗಿಸಿದಾಗ ಜೀಪು ಎರಡು ಸಲ ಬಿಳಿ ಹೊಗೆ ಕಕ್ಕಿ ಹತ್ತಿಕೊಂಡಿತು.

ಸದ್ದು ಕೇಳಿ ನರ್ಸಮ್ಮ ಓಡಿಬಂದಳು. ಅವಳು ಏನಾದರೂ ಹೇಳುವ ಮೊದಲೇ ಅವನೆಂದ, “ನನಗೆ ಕಿವಿ ಕೇಳ್ಸಲ್ಲ ನರ್ಸಮ್ಮ. ಇದರ ತೊಂದರೆ ಕಂಡುಹಿಡಿದದ್ದು ಇವಳು.”

“ಯಾವಾಗಿಂದ ಅಕ್ಕ?” ನರ್ಸಮ್ಮ ಹೆಂಡತಿಯ ಕಡೆ ತಿರುಗಿ ಕೇಳಿದಳು.

“ಬಹಳ ದಿನ ಆಯ್ತಮ್ಮ. ಮೊದಲು ಹಕ್ಕಿ ಕೂಗು ಹೋಯ್ತು. ಆಮೇಲೆ ನನ್ನ ಮಾತು.”

ಅವಳ ತುಟಿ ನೋಡಿ ಅವನಿಗೆ ಅಷ್ಟೂ ತಿಳಿಯಿತು. ಕೈ ಒರೆಸುವ ಬಟ್ಟೆಯಲ್ಲಿ ಬಹಳ ಹೊತ್ತು ಕೈ ಒರೆಸುತ್ತ ನಿಂತ.

ಮೇಲಿನ ಹೆಂಗಸನ್ನು ಆ ಸಂಜೆಯೇ ಕೆಳಗೆ ಕರೆತಂದರು, ಹೆರಿಗೆ ಸುಸೂತ್ರವಾಯಿತು. ಮುಂದೊಂದು ದಿನ ನರ್ಸಮ್ಮ ಗಂಡಹೆಂಡಿರನ್ನು ಅದೇ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ಹೋದದ್ದು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಅವರು ಕೊಟ್ಟ ಕಿವಿಯ ಯಂತ್ರದಿಂದ ಎದುರು ಕೂತವರ ಮಾತು ಕೇಳಿತು. ಶೆಡ್ಡಿನಲ್ಲಿ ಮಾತ್ರ ಅದು ಎಲ್ಲ ಸದ್ದನ್ನೂ ತಗಡು ಬಡಿದಂತೆ ಮಾಡುತ್ತಿತ್ತು. ಕೆಲಸಕ್ಕೆ ಕೂತಾಗ ಕಿತ್ತು ಜೇಬಿಗೆ ಹಾಕುತ್ತಿದ್ದ.

ವಿಷಯ ಬಾಯಿಂದ ಬಾಯಿಗೆ ಹರಡಿತು. ಕೆಲವರು ಬೇರೆ ಶೆಡ್ಡಿಗೆ ಹೋದರು. ಅವನು ತಡೆಯಲಿಲ್ಲ. ಉಳಿದವರಿಗೆ, “ಎದುರಿಗೆ ನಿಂತು ನಿಧಾನಕ್ಕೆ ಹೇಳಿ,” ಎನ್ನುತ್ತಿದ್ದ. ಹೆಂಡತಿ ಹೊಲಿಗೆ ಯಂತ್ರವನ್ನು ಶೆಡ್ಡಿನೊಳಗೆ, ಎಣ್ಣೆ ಸಿಡಿಯದ ಮೂಲೆಗೆ ತಂದುಕೊಂಡಳು. ಗಾಡಿ ಬಂದಾಗ ಅವನು ಅವಳತ್ತ ನೋಡುತ್ತಿದ್ದ.

“ಏನಂತೆ?”

“ಒಣಕೆಮ್ಮು ರೀ. ನಡುನಡುವೆ ಅನ್ನದ ಪಾತ್ರೆ ಮುಚ್ಚಳ ಕುಣಿದ ಹಾಗೆ.”

ಅವನಿಗೆ ಅಷ್ಟು ಸಾಕಾಗುತ್ತಿತ್ತು. ರಿಪೇರಿಯಾದ ಎಂಜಿನ್ ಹದವಾಗಿ ಓಡತೊಡಗಿದಾಗ ಬಾನೆಟ್ಟಿನ ಮೇಲೆ ಅಂಗೈ ಊರಿ, ಅದರ ನಡುಕ ಹಿಡಿಯುತ್ತ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎಷ್ಟು ಹೊತ್ತಾದರೂ ಹೆಂಡತಿ ಅವನನ್ನು ಕರೆಯುತ್ತಿರಲಿಲ್ಲ.