ನಮ್ಮ ಸೆಂಟರಿನ ಥ್ಯಾಂಕ್ಯೂ

ದೋಸ್ತರ, ನಗಬ್ಯಾಡ್ರಿ. ಇಡೀ ಹೈದರಾಬಾದ್ ಸಾಫ್ಟ್‌ವೇರ್ ಕಲಿಯಾಕ ಓಡಾಕತ್ತೈತಿ, ನಾರಾಯಣಗೂಡದ ಕಂಪ್ಯೂಟರ್ ಸೆಂಟರಿನಾಗ ಕಲಿಸಾಂವ ನಾನು. ಇವತ್ತ ಹೊಸ ಬ್ಯಾಚಿಗೆ ಡೇಟಾಬೇಸ್ ಪಾಠ. ಫಾರ್ಮ್ ತುಂಬಿ ಬಟನ್ ಒತ್ತಿದ್ರ ನಮ್ಮ ಹೆಸರು ಎಲ್ಲಿ ಹೋಗಿ ಕುಂದರತೈತಿ ಅಂತ ತೋರಿಸಾಕ ನಮ್ಮ ಸೆಂಟರಿನ ವೆಬ್‌ಸೈಟನ್ನ ತಗದೆ. ಅಡ್ಮಿಷನ್ ಫಾರ್ಮ್ ತುಂಬಿ ಒತ್ತಿದೆ. "ಥ್ಯಾಂಕ್ಯೂ! ಲಗೂನ ಫೋನ್ ಮಾಡ್ತೀವಿ" ಅಂತ ಬಂತು.

"ಈಗ ಹೆಸರು ಹುಡುಕೂಣು ಬರ್ರಿ" ಅಂತ ಒಳಗಿನ ಫೈಲ್ ತಗದ್ರ, ಡೇಟಾಬೇಸೇ ಇಲ್ಲ! ಥ್ಯಾಂಕ್ಯೂ ಅನ್ನೂದು ಬಿಟ್ರ ಆ ಬಟನ್ನಿಗೆ ಬ್ಯಾರೆ ಕೆಲಸಾನ ಇಲ್ಲ.

ಬೀದರದ ಶಿವಲೀಲಾ ಎದ್ದು ನಿಂತ್ಲು. "ಸರ್, ನಾ ಇದನ್ನ ತುಂಬಿ ಒಂದು ತಿಂಗಳು ಫೋನ್ ಬಾಜೂಕ ಇಟಗೊಂಡು ಕುಂತಿದ್ದೆ. ಕಡೀಕ ನಾನ ಬಸ್ ಹತ್ತಿ ಬಂದೆ. ನನ್ನ ಜೋಡಿ ಫಾರ್ಮ್ ತುಂಬಿದ ಗೆಳತಿ ಇನ್ನಾ ಕಾಯಾಕತ್ತಾಳ್ರಿ."

ಸಿಟ್ಟಿಲೆ ಮಾಲಕರ ಕಡೆ ಹ್ವಾದೆ. ಅವರು ಚಹಾದಾಗ ಬಿಸ್ಕೀಟ್ ಅದ್ದಿಕೋತ, "ಅರೇ ಸರ್, ಥ್ಯಾಂಕ್ಯೂ ಆತಾ ನಾ? ಔರ್ ಕ್ಯಾ ಹೋನಾ?" ಅಂದ್ರು. ಥ್ಯಾಂಕ್ಯೂ ಬರತೈತಲ್ಲಾ, ಇನ್ನೇನು ಬೇಕು ಅಂತ!

ತಂಗಿ ನಿಶ್ಚಿತಾರ್ಥಕ್ಕ ಎರಡು ದಿನ ರಜಾ ಕೊಡ್ರಿ ಅಂತ ಹ್ವಾದ ವಾರ ಕೇಳಿದಾಗೂ ಇವರು ಭಾಳ ನಗಮಾರಿ ಮಾಡಿ, "ಥ್ಯಾಂಕ್ಯೂ ಸರ್, ಹೇಳ್ತೀವಿ" ಅಂದಿದ್ರು. ಆ ಮಾತು ಎಲ್ಲಿ ಸೇವ್ ಆಗೇತಿ ಅಂತ ಇವತ್ತ ತಿಳೀತು.

ನಾಡಿದ್ದು ನಿಶ್ಚಿತಾರ್ಥ. ನಾ ನಾಳೆ ಮುಂಜಾನೆನ ಕಲಬುರಗಿ ಗಾಡಿ ಹತ್ತಾಂವ. "ಕ್ಲಾಸಿಗೆ ಯಾಕ ಬಂದಿಲ್ಲ?" ಅಂತ ಮಾಲಕರು ಫೋನ್ ಮಾಡಿದ್ರ, ನಾನೂ ಥ್ಯಾಂಕ್ಯೂ ಅಂದು ಇಡ್ತೀನಿ.